ಒತ್ತದೆ ಮಾತಾಡಿದ ಫೋನು

ನವೆಂಬರ್ 3

ನಿನ್ನೆ ಕಾಕಾನ ಫೋನು ಸವಾಲಿನ ಕಟ್ಟೆಯ ಪಕ್ಕ ಕೊತ್ತಂಬರಿ ತೊಳೆಯುವ ತೊಟ್ಟಿಗೆ ಬಿತ್ತು. ಒದ್ದೆ ಫೋನನ್ನು ಅಕ್ಕಿಯಲ್ಲಿ ಹೂತಿಡಬೇಕೆಂದು ಯಾರೋ ಕಾಕಿಗೆ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅಕ್ಕಿ ಅಂದರೆ ಹಬ್ಬಕ್ಕೊಮ್ಮೆ ಬರುವ ಬೀಗರಿದ್ದಂತೆ. ಕಾಕಿ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಬೆಳಿಗ್ಗೆ ನನ್ನ ಮೊಬೈಲ್ ಅಂಗಡಿಗೆ ತಂದಾಗ ಚಾರ್ಜಿಂಗ್ ತೂತಿನಲ್ಲಿ ರೊಟ್ಟಿ ತಟ್ಟುವಷ್ಟು ಹಿಟ್ಟು ನಾದಿಕೊಂಡು ಕೂತಿತ್ತು.

"ಹಿಟ್ಟೂ ನೀರು ಕುಡೀತದಲ್ಲೋ" ಎಂದು ನನಗೇ ತಿರುಗಿ ಹೇಳಿದಳು.

ನಗುವ ಹಾಗಿರಲಿಲ್ಲ. ಕಾಕಾನ ಮಾತೆಲ್ಲ ಇರುವುದು ಅದೇ ಫೋನಿನಲ್ಲಿ. ಆಳಂದದ ಕಾಯಿಪಲ್ಲೆ ಬಜಾರಿನಲ್ಲಿ ಮೀಸೆ ಬಂದಂದಿನಿಂದ ಹರಾಜಿನ ಸವಾಲು ಕೂಗಿದವನು ನಮ್ಮ ಮಹಾದೇವಪ್ಪ ಕಾಕಾ. ಬೇಸಿಗೆಯಲ್ಲಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯ ಜೊತೆ ದನಿಯನ್ನೂ ತೆಗೆದರು. ಆಪರೇಶನ್ನಿಗೆ ಮೊದಲು ಅಲ್ಲಿನವರು ಅವನಿಂದ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಒಂದು ಕಂಪನಿ ಅದರಿಂದಲೇ ಅವನ ದನಿ ಕಟ್ಟಿಕೊಟ್ಟಿತು. ಈಗ ಕಾಕಾ ಫೋನಿನಲ್ಲಿ ಬರೆದು ಒತ್ತುತ್ತಾನೆ, ಫೋನು ಥೇಟ್ ಅವನಂತೆಯೇ ಮಾತಾಡುತ್ತದೆ. ಕೊರಳಿಗೆ ಸಣ್ಣ ಸ್ಪೀಕರ್ ತೂಗುಹಾಕಿಕೊಂಡು ಮತ್ತೆ ಸವಾಲಿಗೂ ನಿಂತಿದ್ದಾನೆ. ಕಾಕಿಗೆ ಅಕ್ಷರ ಬಾರದು. ಗಂಡ ಹೆಂಡತಿ ಮಾತಾಡಬೇಕಾದರೂ ಅದೇ ಬೇಕು.

ಹೊಸ ಸೆಟ್ ಕೊಟ್ಟು ದನಿ ಅದಕ್ಕೆ ಒಯ್ಯಲು ಕೂತೆ. ಪರದೆಯ ಮೇಲೆ ಬಂತು: ಒಂದು ಪರವಾನಗಿ, ಒಂದು ಫೋನು; ಹಳೆಯದರಿಂದ ತೆಗೆದ ಮೇಲೆಯೇ ಹೊಸದಕ್ಕೆ. ಕನ್ನಡದಲ್ಲೇ ಇತ್ತು, ತಿಳಿಯಲಿಲ್ಲ ಎನ್ನುವ ನೆಪಕ್ಕೂ ಜಾಗವಿಲ್ಲ. ಆದರೆ ಹಳೆ ಸೆಟ್ಟಿನ ಪೂರ್ತಿ ಪ್ರತಿ ತೆಗೆಯದೆ ಏನನ್ನೂ ಅಳಿಸದಿರುವುದು ನನ್ನ ಅಂಗಡಿಯ ಪದ್ಧತಿ. ಒಮ್ಮೆ ಸರಸಂಬಾ ಹಳ್ಳಿಯವನೊಬ್ಬನ ಸತ್ತ ತಾಯಿಯ ಫೋಟೊಗಳು ನನ್ನ ಕೈಯಲ್ಲಿ ಅಳಿಸಿಹೋಗಿ, ಅವನು ಇದೇ ಸ್ಟೂಲಿನ ಮೇಲೆ ಕೂತು ಅತ್ತಿದ್ದ. ಅದಕ್ಕೇ ಹಳೆಯದನ್ನು ತೊಳೆದು ಒಣಗಿಸಿ ಕಂಪ್ಯೂಟರಿಗೆ ಪ್ರತಿ ತೆಗೆದೆ, ಅಳಿಸಿದೆ, ಹೊಸದಕ್ಕೆ ಹಾಕಿದೆ. ಆಮೇಲೆ ಹಳೆಯದರ ನೆಟ್ ಬಂದ್ ಮಾಡಿ, ಪ್ರತಿಯನ್ನು ಅದಕ್ಕೇ ತಿರುಗಿ ತುಂಬಿದೆ. ಅಲ್ಲೂ ಕಾಕಾ ಮಾತಾಡಿದ.

ಕಾಕಿಗೆ ಹೇಳಿದೆ. "ಇರ್ಲಿ ಬಿಡು. ಹೆಪ್ಪು ಕೊಟ್ರ ಮನಿ ಮೊಸರು ಕಮ್ಮಿ ಆಗ್ತದೇನು?" ಅಂದಳು. ಅಷ್ಟೇ ತಾನೆ. ಕೊಂಡ ವಸ್ತುವನ್ನು ಎಲ್ಲಿಡಬೇಕೆಂದು ಕಂಪನಿಯವರು ಹೇಳಬೇಕೇ? ಒಂದನ್ನೇ ಎರಡು ಸಲ ಮಾರುವ ಹುನ್ನಾರ ಇದು.

ನವೆಂಬರ್ 8

ಸಂತೆಯ ಗದ್ದಲ. ಎದುರಿನ ಅಂಗಡಿಯವನು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿ ಗಿರಾಕಿಗಳನ್ನೆಲ್ಲ ಎಳೆಯುತ್ತಿದ್ದ. ನನಗೂ ಹಟ ಬಂತು. ಡ್ರಾವರಿನಿಂದ ಹಳೆ ಸೆಟ್ ತೆಗೆದು ಬರೆದೆ: "ಬರ್ರಿ ಬರ್ರಿ, ಚಾರ್ಜರ್ ನೂರಕ್ಕೊಂದು, ಕವರ್ ಐವತ್ತಕ್ಕೊಂದು, ಒಂದು ಸಲ, ಎರಡು ಸಲ!"

ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ಕತ್ತು ತಿರುಗಿಸಿತು. ಆ ದನಿಗೆ ಏನಿತ್ತೋ ಏನೋ, ಮುದುಕರು ನಗುತ್ತ ಒಳಗೆ ಬಂದರು. "ಮಾದೇವಪ್ಪ ಬದನಿಕಾಯಿ ಬಿಟ್ಟು ಚಾರ್ಜರ್ ಮಾರಾಕ ನಿಂತಾನೇನು?" ಅಂದ ಒಬ್ಬ. ಹೌದ್ರಿ ಅಂದೆ. ಸಂಜೆಯೊಳಗೆ ಕವರುಗಳ ಗೊಂಚಲು ಖಾಲಿ.

ಕಾಕಾನದು ಒಂದು ನೇಮವಿದೆ. ಸವಾಲು ಕೂಗುವವನು ಭಾವ, ಅಂದರೆ ದರ, ಹೇಳಬೇಕು, ಮಾಲು ಹೊಗಳಬಾರದು. ಬದನೆ ಹುಳುಕಿದ್ದರೂ ಹೇಳುವುದಿಲ್ಲ, ಬೆಣ್ಣೆಯಂತಿದ್ದರೂ ಹೇಳುವುದಿಲ್ಲ. ನೋಡುವ ಕಣ್ಣು ಕೊಳ್ಳುವವನದು ಅನ್ನುತ್ತಾನೆ. ಅದಕ್ಕೇ ರೈತರಿಗೂ ವ್ಯಾಪಾರಿಗಳಿಗೂ ಅವನೊಬ್ಬನ ಮೇಲೆ ಭರವಸೆ. ನಾನೂ ಭಾವವನ್ನಷ್ಟೇ ಹೇಳಿಸಿದ್ದೇನೆ. ಹಾಗಾಗಿ ತಪ್ಪಿಲ್ಲ.

ಕಾಕಾನಿಗೆ ಹೇಳಲಿಲ್ಲ. ಮನೆಗೆ ಹೋದಾಗ ಉಣ್ಣುತ್ತಿದ್ದ, ಮರೆತೆ.

ನವೆಂಬರ್ 13

ಬೀಜದ ಅಂಗಡಿ ಸಿಕಂದರ ಬಂದಿದ್ದ. ಉಳ್ಳಾಗಡ್ಡಿ ಬೀಜದ ಜಾಹೀರಾತು ಯಾಸೀನನ ಆಟೊದಲ್ಲಿ ಹಳ್ಳಿ ಹಳ್ಳಿಗೆ ಹೋಗಬೇಕಂತೆ, ಕಾಕಾನ ದನಿಯಲ್ಲಿ.

"ಖಾಲಿ ಭಾವ ಹೇಳಿದ್ರ ಯಾರು ಕೇಳ್ತಾರ ಗುರುನಾಥ? ಬೀಜ ಚಲೋ ಅದ ಅಂತ ಒಂದು ಮಾತು ಹಾಕು" ಅಂದ. ಆಮೇಲೆ ತಾನೇ ತಡೆದು ಕೇಳಿದ, "ಕಾಕಾನ್ನ ಕೇಳಿಯಲ್ಲ?"

"ಕೇಳೇನಿ" ಅಂದೆ.

ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ನನಗೇ ಅದು ನಿಜವೆನಿಸಿತು. ಬರೆದೆ: "ನಾ ಸವಾಲಿನ ಮಾದೇವಪ್ಪ ಹೇಳಾಕತ್ತೇನಿ. ಸಿಕಂದರನ ಅಂಗಡಿ ಬೀಜ ಅಂದ್ರ ಬಂಗಾರ. ಕಣ್ಣು ಮುಚ್ಚಿ ಒಯ್ಯರಿ, ನಾ ಜಾಮೀನು." ಫೋನು ಒಂದು ಅಕ್ಷರವೂ ತಡವರಿಸದೆ ಹೇಳಿತು. ಯಾಸೀನನಿಗೆ ಕಳಿಸಲು ಹಳೆ ಸೆಟ್ಟಿನ ನೆಟ್ ಚಾಲೂ ಮಾಡಿದೆ.

ಬಂದ್ ಮಾಡುವುದು ಮರೆತೆನೆಂದು ಈಗ ಬರೆಯುವಾಗ ನೆನಪಾಗುತ್ತಿದೆ. ನಾಳೆ ನೋಡಿದರಾಯಿತು.

ನವೆಂಬರ್ 16

ಕಾಕಾ ಮಧ್ಯಾಹ್ನ ಅಂಗಡಿಗೆ ಬಂದ. ಕೂರಲಿಲ್ಲ. ಹೊಸ ಫೋನಿನಲ್ಲಿ ಬಹಳ ಹೊತ್ತು ಬರೆದು ಒತ್ತಿದ.

"ಗುರ್ಯಾ, ಈ ಫೋನು ನಾ ಒತ್ತದ ಮಾತಾಡ್ತದೇನು?"

ಮಟಕಿ ಹಳ್ಳಿಯ ರೈತರು ಕಟ್ಟೆಯ ಮೇಲೆ ಅವನನ್ನು ಕೇಳಿದ್ದಾರೆ, ಬೀಜಕ್ಕೆ ಜಾಮೀನು ನಿಲ್ಲುವುದು ಯಾವಾಗಿನಿಂದ ಎಂದು. ಅವನು ನಂಬಲಿಲ್ಲ. ಆಮೇಲೆ ಆಟೊ ಅವನ ಮುಂದೆಯೇ ಹಾದುಹೋಗಿದೆ. ತನ್ನ ದನಿಯನ್ನು ತಾನೇ ರಸ್ತೆಯ ಬದಿ ನಿಂತು ಕೇಳಿದ್ದಾನೆ. ಫೋನು ಕೆಟ್ಟು ತನ್ನಷ್ಟಕ್ಕೆ ತಾನೇ ಒದರುತ್ತಿದೆ ಎಂದು ತಿಳಿದು, ರಿಪೇರಿಗೆ ತಂದಿದ್ದ. ನನ್ನ ಹತ್ತಿರ.

"ಯಾರೋ ನಕಲಿ ಮಾಡಿರಬೇಕು ಕಾಕಾ. ಈಗ ಎಲ್ಲಾರ ದನೀನೂ ಮಾಡ್ತಾರ" ಅಂದೆ. ಫೋನನ್ನು ತೆರೆದು ನೋಡಿದಂತೆ ಮಾಡಿ ತಿರುಗಿ ಕೊಟ್ಟೆ.

ಅವನು ನನ್ನ ತಲೆ ಸವರಿ ಹೋದ. ಅಪ್ಪ ಸತ್ತ ವರ್ಷ ಶಾಲೆಗೆ ಬಿಡಲು ಬಂದಾಗಲೂ ಹೀಗೇ ಸವರುತ್ತಿದ್ದ. ಯಾಸೀನನಿಗೆ ಫೋನು ಮಾಡಿ ಜಾಹೀರಾತು ನಿಲ್ಲಿಸು ಅಂದೆ. ಯಾಕೆ ಅಂತ ಕೇಳಿದ; ಬ್ಯಾಟರಿ ಉಳಿಸು ಅಂದೆ. ನನ್ನ ತಲೆ.

ನವೆಂಬರ್ 19

ದನಿ ನಿಂತಿತು.

ಸವಾಲಿನ ನಡುವೆಯೇ ನಿಂತಿದೆ. ಬದನೆಯ ಬುಟ್ಟಿಗೆ ಭಾವ ಏರುತ್ತಿತ್ತಂತೆ. ಕಾಕಾ ‘ಎರಡು ಸಲ’ ಒತ್ತಿದ, ಮೂರನೆಯದಕ್ಕೆ ಏನೂ ಇಲ್ಲ. ಮತ್ತೆ ಒತ್ತಿದ. ಮಂದಿ ಕಾದರು. ಕೊನೆಗೆ ಸವಾಲು ನಡೆಸುವ ಅಡತಿಯ ಮಾಲೀಕರು ಇನ್ನೊಬ್ಬನನ್ನು ಕಟ್ಟೆ ಹತ್ತಿಸಿದ್ದಾರೆ. ಕಾಕಾ ಸ್ಪೀಕರನ್ನು ಕೊರಳಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ನಡೆದೇ ಮನೆಗೆ ಬಂದ.

ಎರಡೂ ಫೋನುಗಳಲ್ಲಿ ಒಂದೇ ಸಂದೇಶ: ಈ ದನಿ ಒಂದಕ್ಕಿಂತ ಹೆಚ್ಚು ಫೋನುಗಳಲ್ಲಿ ಕಂಡುಬಂದಿದೆ, ಪರಿಶೀಲನೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ.

ನವೆಂಬರ್ 20

ಕಂಪನಿಯ ಸಹಾಯವಾಣಿಗೆ ಮಾಡಿದೆ. ಮೈತ್ರಿ ಎಂಬಾಕೆ ಎತ್ತಿಕೊಂಡಳು. ಕನ್ನಡ ಕೇಳಿದ ಕೂಡಲೇ ನಮ್ಮ ಕಡೆಯವಳೆಂದು ಗೊತ್ತಾಯಿತು, ಜೇವರ್ಗಿಯವಳಂತೆ. ನಾನು ಧೈರ್ಯವಾಗಿ ವಾದಕ್ಕಿಳಿದೆ.

"ಮೇಡಂ, ಕೊಂಡದ್ದು ನಾವು. ನಮ್ಮ ಎತ್ತು ಯಾವ ಕೊಟ್ಟಿಗ್ಯಾಗ ಕಟ್ಟಬೇಕು ಅನ್ನೂದು ನಮ್ಮ ಮರ್ಜಿ ಅಲ್ಲೇನ್ರಿ?"

"ಬ್ಯಾರೆ ಕೊಟ್ಟಿಗಿಗೆ ಒಯ್ಯಾಕ ನಾವು ಬ್ಯಾಡ ಅಂದಿಲ್ರಿ, ಒಯ್ಯಾಕ ದಾರೀನೂ ಕೊಟ್ಟೇವಿ. ಎರಡು ಕೊಟ್ಟಿಗ್ಯಾಗ ಕಟ್ಟಬ್ಯಾಡ್ರಿ ಅಂದೇವಿ. ಸಾಫ್ಟ್‌ವೇರು ನಿಮಗ ಮಾರಿಲ್ಲ, ಒಂದು ಫೋನಿನ್ಯಾಗ ಬಳಸಾಕ ಹಕ್ಕು ಕೊಟ್ಟದ್ದು. ಕರಾರಿನ್ಯಾಗ ಅದ."

"ಒಂದು ಪ್ರತಿ ಹೆಚ್ಚು ಇದ್ರ ನಿಮ್ಮ ಗಂಟೇನು ಹೋಗ್ತದ್ರಿ?"

ಆಕೆ ಸಿಟ್ಟಾಗಲಿಲ್ಲ. "ನಮ್ಮದು ಬಿಡ್ರಿ ಅಣ್ಣಾರ. ಒಬ್ಬ ಮನಶ್ಯಾನ ದನಿ ಎರಡು ಕಡೆ ಇದ್ರ, ಯಾವ ಮಾತು ಅವರದು, ಯಾವುದು ಅಲ್ಲ ಅಂತ ಹ್ಯಾಂಗ ಗೊತ್ತಾಗಬೇಕು? ಅವರು ಬಾಯಿ ತೆಗೆದು ‘ನಾ ಅಂದಿಲ್ಲ’ ಅನ್ನಾಕ ಆಗಂಗಿಲ್ಲ. ಅದಕ್ಕ ಆ ನೇಮ."

ಆಕೆಯೇ ಮುಂದುವರಿಸಿದಳು. ಪ್ರತಿ ಮಾಡಿದವರು ಒಪ್ಪಿ ಹೇಳಬೇಕು, ಹಳೆಯದನ್ನು ಕಂಪನಿಯವರ ಕಣ್ಣೆದುರು ವಿಡಿಯೊದಲ್ಲಿ ಅಳಿಸಬೇಕು, ಕಾಕಾ ತಾನೇ ಒಪ್ಪಿಗೆ ಕೊಡಬೇಕು. ಆಮೇಲೆ ಪರಿಶೀಲನೆ.

"ಎರಡನೇ ಫೋನಿನ್ಯಾಗ ಮಾತಾಡಿದವರು ಯಾರು ಗೊತ್ತದೇನ್ರಿ?"

"ಇಲ್ರಿ" ಅಂದು ಇಟ್ಟೆ.

ನವೆಂಬರ್ 21

ಹೇಳಲಿಲ್ಲ.

ನವೆಂಬರ್ 25

ಕಾಕಾ ಪಾಟಿ ಬಳಪ ತಂದಿದ್ದಾನೆ. ಅವನು ಬರೆಯುತ್ತಾನೆ, ಕಾಕಿ ಪಾಟಿಯನ್ನು ನೋಡುತ್ತಾಳೆ, ಆಮೇಲೆ ಇಬ್ಬರೂ ನನ್ನನ್ನು ನೋಡುತ್ತಾರೆ. ಈಗ ಗಂಡ ಹೆಂಡತಿಯ ಮಾತು ನನ್ನ ಬಾಯಲ್ಲಿ ನಡೆಯಬೇಕು. ಉಪ್ಪು ಕಡಿಮೆ ಎನ್ನುವುದನ್ನೂ ನಾನೇ ಓದಬೇಕು, ಅದಕ್ಕೆ ಕಾಕಿಯ ಬೈಗಳನ್ನೂ ನಾನೇ ತಿನ್ನಬೇಕು. ಅಂಗಡಿಯನ್ನು ಬೇಗ ಮುಚ್ಚಿ ಬರುತ್ತಿದ್ದೇನೆ. ವ್ಯಾಪಾರವೂ ಅಷ್ಟಕ್ಕಷ್ಟೇ.

ಇಂದು ಕಾಕಾ ಬರೆದ, ನಾನು ಓದಿದೆ: "ಸಾಬವ್ವಾ, ಕಂಪನಿಯವರ ಹಿಂದ ನಮ್ಮ ಗುರ್ಯಾ ಓಡ್ಯಾಡಾಕತ್ತಾನ. ಅವ ಇಲ್ದಿದ್ರ ನನಗ ಯಾರು."

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಮ್ಮೆ ಓದೋ" ಅಂದಳು. ಓದಿದೆ. ಇಂಥ ಮಾತನ್ನು ಸ್ವಂತ ಬಾಯಿಂದ ಎರಡು ಸಲ ಓದಿಯೂ ನೆಲ ಬಿರಿಯಲಿಲ್ಲ.

ನವೆಂಬರ್ 29

ಮಟಕಿಯಿಂದ ಖಾದರಸಾಬ ಚಾಚಾ ಮನೆಗೆ ಬಂದಿದ್ದರು. ಕಾಕಾನೂ ಅವರೂ ಹರೆಯದಿಂದ ಕಟ್ಟೆಯ ಗೆಳೆಯರು. ಚಾಚಾ ಬೆಳೆದ ಮೆಣಸಿನಕಾಯಿಗೆ ಕಾಕಾ ಕೂಗದ ವರ್ಷವಿಲ್ಲ. ಈ ಸಲ ಸಿಕಂದರನ ಬೀಜದಲ್ಲಿ ಉಳ್ಳಾಗಡ್ಡಿ ಮಡಿ ಹಾಕಿದ್ದಾರೆ, ಸಸಿ ಅಲ್ಲೊಂದು ಇಲ್ಲೊಂದು ಎದ್ದಿವೆ. ಸಿಕಂದರನ ಹತ್ತಿರ ಹೋಗಿಲ್ಲ, ಕಾಕಾನ ಹತ್ತಿರ ಬಂದಿದ್ದಾರೆ.

"ಬೀಜ ಹೋದ್ರ ಹೋಗ್ಲಿ ಮಾದೇವಪ್ಪ. ನೀ ಅಂದಿ ಅಂತ ಒಯ್ದೆ. ನೀ ಯಾಕ ಅಂದಿ?"

ಕಾಕಾ ಗಡಬಡಿಸಿ ಪಾಟಿಯ ಮೇಲೆ ಗೀಚಿ ನನ್ನ ಮುಂದೆ ಹಿಡಿದ. ನಾನು ಓದಿದೆ. "ನಾ ಅಂದಿಲ್ಲ."

ಚಾಚಾ ನನ್ನ ಕಡೆ ನೋಡಲೇ ಇಲ್ಲ. "ನಿನ್ನ ದನಿ ನನಗ ಗುರುತು ಸಿಗಂಗಿಲ್ಲೇನು? ಕಣ್ಣು ಕಟ್ಟಿ ಬಿಟ್ರೂ ಹೇಳ್ತೇನಿ. ತಪ್ಪಾತು ಅನ್ನು, ಮುಗೀತು. ಸುಳ್ಳು ಯಾಕ?"

ಆಪರೇಶನ್ನಿನಲ್ಲಿ ಬಿಟ್ಟ ಕಾಕಾನ ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು. ಅದೇ ಎರಡು ಪದಗಳ ಮೇಲೆ ಬಳಪ ಮುರಿಯುವಂತೆ ಮತ್ತೆ ಮತ್ತೆ ತಿದ್ದಿದ. ಚಾಚಾ ಚಹಾ ಕುಡಿಯದೆ ಎದ್ದು ಹೋದರು.

ನಾನು ಅಲ್ಲೇ ಇದ್ದೆ. ಅವನ ಬಾಯಾಗಿ ಕೂತಿದ್ದೆ, ನನ್ನ ಬಾಯಿಗೆ ಏನಾಗಿತ್ತು? ನನ್ನಂಥ ಹೇಡಿ ಆಳಂದ ತಾಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಡಿಸೆಂಬರ್ 1

ಮೈತ್ರಿಯವರಿಗೆ ಮಾಡಿದೆ. "ಎರಡನೇ ಫೋನಿನ್ಯಾಗ ಮಾತಾಡಿದಾವ ನಾನೇ ರಿ" ಅಂದೆ. ಎಲ್ಲವನ್ನೂ ಹೇಳಿದೆ, ಸಿಕಂದರನಿಗೆ ‘ಕೇಳೇನಿ’ ಅಂದದ್ದನ್ನೂ.

ಬೈಯುತ್ತಾರೆಂದುಕೊಂಡಿದ್ದೆ. "ಅವರು ನಿಮಗೇನು ಆಗಬೇಕು?" ಅಂತ ಕೇಳಿದರು. ಕಾಕಾ ಅಂದೆ. "ಮೊದಲ ಅವರ ಮುಂದ ಹೇಳ್ರಿ. ಅಳಿಸೂದು ಆಮ್ಯಾಲ" ಅಂದರು. ಎಲ್ಲ ಸರಿಹೋದರೂ ದನಿ ತಿರುಗಿ ಬರುವುದು ಸಂಕ್ರಾಂತಿಯ ಹೊತ್ತಿಗಂತೆ.

ಅಂದರೆ ಎಳ್ಳಮಾವಾಸ್ಯೆಯ ಸವಾಲು ಹೋಯಿತು. ಎಲ್ಲ ಬಗೆಯ ಸೊಪ್ಪು ಕಾಳು ಕೂಡಿಸಿ ಬೇಯಿಸುವ ಅಮಾವಾಸ್ಯೆಯ ಭಜ್ಜಿಗೆ ಊರಿಗೆ ಊರೇ ಕಾಯಿಪಲ್ಲೆ ಒಯ್ಯುವ ದಿನ, ವರ್ಷದಲ್ಲೇ ದೊಡ್ಡ ಸವಾಲು ಅದು. ಅಂದು ಕಟ್ಟೆಯ ಮೇಲೆ ಯಾರು ನಿಲ್ಲುತ್ತಾರೋ ವರ್ಷವಿಡೀ ಕಟ್ಟೆ ಅವರದೇ ಎಂದು ಅಡತಿಯ ಮಾಲೀಕರು ಕಾಕಾನಿಗೆ ಆಗಲೇ ಹೇಳಿ ಕಳಿಸಿದ್ದಾರೆ.

ಡಿಸೆಂಬರ್ 2

ಕಾಕಾನ ಮುಂದೆ ಹಳೆ ಫೋನು ಇಟ್ಟೆ. ಹೇಳಿದೆ.

ಪಾಟಿ ಅವನ ತೊಡೆಯ ಮೇಲಿತ್ತು. ಬಳಪ ಎತ್ತಿಕೊಂಡ. ನಾನು ಕಾದೆ, ಏನು ಬರೆದರೂ ಗಟ್ಟಿಯಾಗಿ ಓದಬೇಕೆಂದು. ಒಂದಕ್ಷರವೂ ಬರೆಯಲಿಲ್ಲ. ಖಾಲಿ ಪಾಟಿಯನ್ನೇ ಅಂಗೈಯಿಂದ ಒರೆಸಿದ, ಒರೆಸಿದ, ಆಮೇಲೆ ಬೋರಲು ಹಾಕಿದ.

ಬೈದಿದ್ದರೆ ಚೆನ್ನಾಗಿತ್ತು. ಬೈಯುವ ದನಿಯನ್ನೂ ನಾನೇ ಕಳೆದಿದ್ದೇನೆ.

ಕಾಕಿ ಒಲೆಯ ಮುಂದಿನಿಂದ ತಿರುಗಿದಳು. "ನಾ ಹೆಪ್ಪು ಅಂದಿದ್ದೆ. ನೀ ಗಡಿಗೀನ ಒಯ್ದೆಲ್ಲೋ" ಅಂದಳು.

ಡಿಸೆಂಬರ್ 4

ವಿಡಿಯೊದಲ್ಲಿ ಮೈತ್ರಿಯವರು, ಈ ಕಡೆ ಕಾಕಾ, ನಡುವೆ ನಾನು. ಒಪ್ಪಿಗೆಗೆ ಕಾಕಾ ಗೋಣು ಹಾಕಿದ. ಹಳೆಯದನ್ನು ಅಳಿಸಿದೆ. ಬೇಕೆಂದೇ ಪ್ರತಿ ತೆಗೆದಿಡದೆ ನಾನು ಅಳಿಸಿದ್ದು ಇದೇ ಮೊದಲು. ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದೆ, ಅವರು ಕೇಳಿರಲಿಲ್ಲ.

ಡಿಸೆಂಬರ್ 9

ಕಾಕಾ ಈಗ ಪಾಟಿಯನ್ನು ಪಕ್ಕದ ಮನೆಯ ರಮಾಬಾಯಿಯ ಹತ್ತಿರ ಒಯ್ಯುತ್ತಾನೆ. ಆಕೆ ಕಾಕಿಗೆ ಓದಿ ಹೇಳುತ್ತಾಳೆ. ಸಂಜೆ ನಾನು ಮನೆಯಲ್ಲಿದ್ದರೂ ಅಷ್ಟೇ. ಗೋಡೆಯ ಆಚೆ ರಮಾಬಾಯಿ ಓದುವುದು ಕೇಳಿಸುತ್ತದೆ, ಕಾಕಿ ಒಮ್ಮೆ ನಕ್ಕಿದ್ದೂ ಕೇಳಿಸಿತು. ಕಾಕಾ ಏನು ಬರೆದನೋ.

ಸಿಕಂದರನ ಅಂಗಡಿಗೆ ಹೋಗಿ ನಿಜ ಹೇಳಿದೆ. "ನನಗೂ ಸುಳ್ಳು ಹೇಳ್ದಿ, ನಮ್ಮ ಗಿರಾಕಿಗಳಿಗೂ ಹೇಳಿಸ್ದಿ" ಅಂದು ಕೂರಲು ಹೇಳಲಿಲ್ಲ. ಖಾದರಸಾಬ ಚಾಚಾನಿಗೆ ಬೇರೆ ಬೀಜ ಕಳಿಸುತ್ತೇನೆ ಅಂದ. ನಾನು ಮಟಕಿಗೆ ಹೋಗುವ ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ.

ಡಿಸೆಂಬರ್ 15

ಅಂಗಡಿ, ಮನೆ. ಎದುರಿನವನು ಹಾಡು ಹಚ್ಚಿದರೆ ಹಚ್ಚಿಕೊಳ್ಳಲಿ.

ಡಿಸೆಂಬರ್ 18

ನಾಳೆ ಎಳ್ಳಮಾವಾಸ್ಯೆ, ಇಂದು ಅದರ ದೊಡ್ಡ ಸವಾಲು. ನಸುಕಿನಲ್ಲಿ ಯಾರೋ ಹೊದಿಕೆ ಎಳೆದರು. ಕಾಕಾ. ಪಾಟಿಯಲ್ಲಿ ಬರೆದಿದ್ದ: "ಏಳು. ಸವಾಲಿನ ಕಟ್ಟಿಗೆ ಹೋಗೂಣು."

ಬಹಳ ದಿನಗಳ ಮೇಲೆ ನನಗೆ ಬರೆದದ್ದು. ಮುಖ ತೊಳೆದು ಹಿಂದೆ ನಡೆದೆ. ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿ ತೊಗರಿ, ಅವರೆ, ಕಡಲೆಸೊಪ್ಪು, ಬದನೆ, ಮೆಂತೆ ರಾಶಿ ರಾಶಿ. ಕಾಕಾ ಕಟ್ಟೆ ಹತ್ತಿ ನನ್ನನ್ನೂ ಕೈ ಹಿಡಿದು ಹತ್ತಿಸಿದ. ಅಡತಿಯ ಮಾಲೀಕರು ಹುಬ್ಬೇರಿಸಿದರು. ಕಾಕಾ ಬೆರಳಿನಿಂದ ಮೊದಲು ತನ್ನ ಪಾಟಿ ತೋರಿಸಿದ, ಆಮೇಲೆ ನನ್ನ ಬಾಯಿ.

ಮೊದಲ ಬುಟ್ಟಿಗೆ ನನ್ನ ದನಿ ಒಡೆದು ಹೋಯಿತು. ಮಂದಿ ನಕ್ಕರು. ಕಾಕಾ ಪಾಟಿಯಿಂದ ಬೆನ್ನಿಗೆ ಒಂದು ಏಟು ಕೊಟ್ಟ. ಎರಡನೆಯದಕ್ಕೆ ಪರವಾಗಿಲ್ಲ. ಅವನು ಭಾವ ಬರೆಯುತ್ತಾನೆ, ನಾನು ಕೂಗುತ್ತೇನೆ. ಅವನ ಕಣ್ಣು ಭಾವ ಏರಿಸಲು ಎತ್ತುವ ಮಂದಿಯ ಬೆರಳುಗಳ ಮೇಲೆ, ನನ್ನ ಕಣ್ಣು ಪಾಟಿಯ ಮೇಲೆ. ಒಂದು ತೊಗರಿ ಬುಟ್ಟಿ ಎಷ್ಟು ಎಳೆಯದಾಗಿತ್ತೆಂದರೆ ‘ಬೆಣ್ಣಿ ಹಂಗ ಅದ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಆಗ ಖಾದರಸಾಬ ಚಾಚಾ ಮೆಣಸಿನಕಾಯಿಯ ಚೀಲ ತಂದು ಕಟ್ಟೆಯ ಮುಂದೆ ಇಳಿಸಿದರು. ಕಾಕಾನ ಮುಖ ನೋಡಲಿಲ್ಲ. ಕಾಕಾ ಪಾಟಿ ಒರೆಸಿ, ನಿಧಾನವಾಗಿ ಬರೆದು ನನ್ನ ಮುಂದೆ ಹಿಡಿದ. ಅದರಲ್ಲಿ ಭಾವವಿರಲಿಲ್ಲ. ಅಷ್ಟು ಮಂದಿಯ ಎದುರು ಕೂಗುವ ದನಿಯಲ್ಲೇ ಓದಲು ಶುರುಮಾಡಿದೆ.

"ಖಾದರಸಾಬ, ಬೀಜದ ಮಾತು ನಾ ಆಡಿಲ್ಲ. ಆಡಿದಾವ"

ಅಲ್ಲಿಗೆ ನಿಂತಿತ್ತು. ಮುಂದೆ ಪಾಟಿ ಖಾಲಿ. ಬರೆಯಲು ಜಾಗ ಬೇಕಾದಷ್ಟಿತ್ತು. ಕಾಕಾನ ಕಡೆ ನೋಡಿದೆ. ಅವನು ಬಳಪವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕೈಕಟ್ಟಿ ನಿಂತಿದ್ದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸವಾಲಿನಲ್ಲಿ ಕೊನೆಯ ಬೆರಳಿಗಾಗಿ ಕಾಯುವಾಗ ಹೇಗೆ ನಿಲ್ಲುತ್ತಾನೋ ಹಾಗೆ ಕಾಯುತ್ತಿದ್ದ.

ಚಾಚಾ ತಲೆ ಎತ್ತಿದರು.

"ಆಡಿದಾವ ನಾನು" ಅಂದೆ. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಅವರ ಮುಖದಿಂದ ತಿಳಿಯಿತು. ಮತ್ತೆ ಕೂಗಿದೆ. "ಆಡಿದಾವ ನಾನು, ಮೊಬೈಲ್ ಅಂಗಡಿ ಗುರುನಾಥ. ಕಾಕಾನ ದನಿ ಕಾಕಾನ್ನ ಕೇಳದ ಎರಡನೇ ಫೋನಿನ್ಯಾಗ ಇಟ್ಟುಕೊಂಡಿದ್ದೆ. ಕಾಕಾ ಸುಳ್ಳು ಹೇಳಿಲ್ರಿ. ಸುಳ್ಳು ನಂದು."

ಯಾರೋ ಥೂ ಅಂದರು. ಯಾರೋ ನಕ್ಕರು. ಚಾಚಾ ಕಟ್ಟೆಯ ಹತ್ತಿರ ಬಂದು ಕಾಕಾನ ಮೊಣಕಾಲಿನ ಮೇಲೆ ಕೈಯಿಟ್ಟು ನಿಂತರು. ಇಳಿದು ಹೋಗಿಬಿಡಲೇ ಎಂದು ತಿರುಗಿದೆ.

ಕಾಕಾ ನನ್ನ ತೋಳು ಹಿಡಿದ. ಇನ್ನೊಂದು ಕೈಯಲ್ಲೇ ಪಾಟಿಯನ್ನು ಧೋತರಕ್ಕೆ ಒರೆಸಿ, ಜೇಬಿನಿಂದ ಬಳಪ ತೆಗೆದು ಬರೆದ.

"ಮೆಣಸಿನಕಾಯಿ. ಕೂಗು."

ಕೂಗಿದೆ.